ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ತಡವಾಗಿರುತ್ತದೆ

ಮಾನ್ಯರೇ,

ನಮ್ಮ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಗರ್ಭ ನಿಂತು ಎರಡು–ಮೂರು ತಿಂಗಳು ಕಳೆದ ಮೇಲೆ ತಾಯಿ ಕಾರ್ಡ್ ಮಾಡಿಸಲು ಹೋಗುವವರು ಈಗಲೂ ಇದ್ದಾರೆ. ಅಷ್ಟರಲ್ಲಿ ಮಗುವಿನ ಹೃದಯ, ಕೈಕಾಲು, ತುಟಿ, ಅಂಗುಳ ಹೆಚ್ಚುಕಮ್ಮಿ ಮೂಡಿ ಆಗಿರುತ್ತವೆ. ಮಿದುಳು, ಬೆನ್ನುಹುರಿಯಾಗುವ ನಾಳವಂತೂ ಗರ್ಭ ಕಟ್ಟಿದ 28 ದಿನಗಳೊಳಗೇ ಮುಚ್ಚಿಕೊಳ್ಳಬೇಕು. ಮುಟ್ಟು ತಪ್ಪಿ ಆಗಿನ್ನೂ ಎರಡು ವಾರ. ಆಗ ಮುಚ್ಚದೆ ಉಳಿದರೆ ಮಗು ಬೆನ್ನಿನ ಮೇಲೆ ಗಂಟಿನೊಂದಿಗೆ ಹುಟ್ಟಬಹುದು, ಕಾಲಿನ ಸ್ವಾಧೀನ ಹೋಗಬಹುದು.

ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಮಾತ್ರೆಯ ಅಪಾಯ ಇಲ್ಲೇ ಇರುವುದು. ಗರ್ಭಿಣಿ ಅದನ್ನು ನುಂಗುತ್ತಿದ್ದರೆ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಮಗುವಿಗೆ ದೊಡ್ಡ ಅಂಗದೋಷ ಬರುತ್ತದೆ. ಕಲಿಕೆಯಲ್ಲೂ ಮಗು ಹಿಂದೆ ಬೀಳಬಹುದು. ಹಾಗಂತ ಹೆದರಿ ಒಮ್ಮೆಲೇ ನಿಲ್ಲಿಸಲೇಬಾರದು, ಫಿಟ್ಸ್ ಮೇಲಿಂದ ಮೇಲೆ ಬಂದು ತಾಯಿಯ ಜೀವಕ್ಕೇ ಕುತ್ತು. ಗರ್ಭ ನಿಲ್ಲುವ ಮೊದಲೇ ನರರೋಗ ತಜ್ಞರನ್ನು ಕಂಡರೆ ಲೆವೆಟಿರಾಸಿಟಮ್ ಅಥವಾ ಲ್ಯಾಮೋಟ್ರಿಜಿನ್‌ಗೆ ನಿಧಾನವಾಗಿ ಬದಲಿಸಬಹುದು. ಜಗಳೂರು, ಹೊನ್ನಾಳಿ ಕಡೆಯಿಂದ ಬಂದು ಹಳೇ ಚೀಟಿ ತೋರಿಸಿ ಮೂರು ತಿಂಗಳ ಮಾತ್ರೆ ಒಟ್ಟಿಗೆ ಒಯ್ಯುವ ಹೆಣ್ಣುಮಕ್ಕಳಿಗೆ ಈ ಮಾತನ್ನು ಯಾರು ಹೇಳಬೇಕು?

ಫೋಲಿಕ್ ಆಸಿಡ್ ಕೂಡ ಹಾಗೆಯೇ. ಗರ್ಭಕ್ಕೆ ಒಂದು ತಿಂಗಳಾದರೂ ಮೊದಲು ದಿನಕ್ಕೆ 400 ಮೈಕ್ರೋಗ್ರಾಂ ಶುರುವಾಗಬೇಕು. ಫಿಟ್ಸ್ ಮಾತ್ರೆ ತಿನ್ನುವವರಿಗೆ ವೈದ್ಯರು ಸಾಮಾನ್ಯವಾಗಿ 5 ಮಿಲಿಗ್ರಾಂ ಬರೆಯುತ್ತಾರೆ. ನಾಲ್ಕನೇ ತಿಂಗಳಿಂದ ಸಿಗುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಇದೆ, ರಕ್ತಹೀನತೆಗೆ ಅದು ಬೇಕೇ ಬೇಕು. ಆದರೆ ನಾಳ ಮುಚ್ಚುವ ಕೆಲಸಕ್ಕೆ ಅದು ಒದಗುವುದಿಲ್ಲ.

ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ನಿಲ್ಲಿಸಿ ಒಂದು ತಿಂಗಳಾಗುವ ತನಕ ಗರ್ಭ ಧರಿಸಕೂಡದು. ಬಿಪಿಗೆ ಟೆಲ್ಮಿಸಾರ್ಟನ್, ಎನಾಲಾಪ್ರಿಲ್ ತಿನ್ನುವವರು ಲೆಬೆಟಲಾಲ್‌ನಂಥದಕ್ಕೆ ಬದಲಿಸಿಕೊಳ್ಳಬೇಕು, ಇಲ್ಲವಾದರೆ ಮಗುವಿನ ಮೂತ್ರಪಿಂಡ ಕೆಡಬಹುದು. ಮೈಕೈ ನೋವಿಗೆ ಐದು ತಿಂಗಳ ನಂತರ ಡೈಕ್ಲೊಫೆನಾಕ್ ನುಂಗಿದರೆ ಗರ್ಭದ ನೀರು ಕಡಿಮೆಯಾಗಬಹುದು. ಚೀಟಿಯಿಲ್ಲದೆ ಗರ್ಭಪಾತದ ಕಿಟ್ ತಂದು ಅರ್ಧಂಬರ್ಧ ನುಂಗುವುದು ಎಲ್ಲಕ್ಕಿಂತ ಕೆಟ್ಟದ್ದು. ಗರ್ಭ ಉಳಿದುಬಿಟ್ಟರೆ ಆ ಕಿಟ್‌ನಲ್ಲಿರುವ ಮಿಸೊಪ್ರೊಸ್ಟಾಲ್‌ನಿಂದ ಮಗುವಿನ ಮುಖದ ನರ, ಕೈಕಾಲು ಊನವಾಗುವ ಸಂಭವವಿದೆ. ಇನ್ನೊಂದು ಮಾತು: ಗೊತ್ತಿಲ್ಲದೆ ಒಮ್ಮೆ ಎದೆಯ ಎಕ್ಸ್‌ರೇ ತೆಗೆಸಿಕೊಂಡೆ ಎಂದು ಗರ್ಭ ತೆಗೆಸುವ ಅಗತ್ಯವಿಲ್ಲ. ಮಗುವಿಗೆ ತಲುಪುವ ವಿಕಿರಣ ಅತ್ಯಲ್ಪ.

ಆಶಾ ಕಾರ್ಯಕರ್ತೆಯರು ಮನೆಗೆ ಹೊಸ ಸೊಸೆ ಬಂದಾಗಲೇ ಅರ್ಹ ದಂಪತಿಗಳ (ಮಕ್ಕಳಾಗುವ ವಯಸ್ಸಿನ ಗಂಡ-ಹೆಂಡಿರ) ಪಟ್ಟಿಗೆ ಹೆಸರು ಸೇರಿಸಿಕೊಳ್ಳುತ್ತಾರೆ. ಆಗಲೇ "ದಿನಾ ಯಾವ ಮಾತ್ರೆ ತಗೊಳ್ತೀಯವ್ವಾ, ಶೀಟು ತೋರಿಸು" ಎಂದು ಕೇಳಿ ಹೆಸರು ಬರೆದುಕೊಳ್ಳುವ ಒಂದು ಅಂಕಣ ಆ ಪುಸ್ತಕದಲ್ಲಿರಲಿ. ಫೋಲಿಕ್ ಆಸಿಡ್ ಅನ್ನೂ ಅದೇ ದಿನ ಕೈಗೆ ಕೊಡುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಏರ್ಪಾಡು ಮಾಡಬೇಕು.

– ಫಾರ್ಮಸಿಸ್ಟರು, ದಾವಣಗೆರೆ