ಮಗಳಿಗೊಂದು ಪತ್ರ: ಫೋನಿನಲ್ಲಿ ಹೇಳದೆ ಬಿಟ್ಟಿದ್ದು

ಪುಟ್ಟೀ,

ಮೊನ್ನೆ ಫೋನಿನಲ್ಲಿ ಬಂಡೀಪುರದ ಕಥೆ ಪೂರ್ತಿ ಕೇಳಿದೆ ಅಂದುಕೊಂಡಿರುತ್ತೀಯ. ನಾನು ಹೇಳಿದ್ದು ಆನೆಯ ಭಾಗ ಮಾತ್ರ. ಇನ್ನೊಂದಿತ್ತು, ಬಾಯಿ ಬರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಟೆಂಪೊ ಟ್ರಾವೆಲರ್ ತುಂಬಾ ನಾವು 12 ಜನ, ಎಲ್ಲರೂ ಹೈಸ್ಕೂಲಿನ ಗೆಳತಿಯರು, ಸದ್ದು ಹೇಗಿತ್ತು ಅಂತ ನೀನೇ ಊಹಿಸಿಕೋ. ಹಿಂದಿನ ರಾತ್ರಿ ಗುಂಡ್ಲುಪೇಟೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ 6ಕ್ಕೆ ಗೇಟ್ ತೆಗೆಯುವ ಮುಂಚೆಯೇ ಹೋಗಿ ನಿಂತೆವು. ಮುಂದೆ ತರಕಾರಿ ಲಾರಿಗಳ ಸಾಲು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಕಾಡಿನ ರಸ್ತೆಯಲ್ಲಿ ಓಡಾಟ ನಿಲ್ಲಿಸಿದ್ದು 2009ರಲ್ಲಿ, ಆದರೂ ಬ್ಯಾಂಕ್ ಆಂಟಿಗೆ ಅದು ಗೊತ್ತೇ ಇರಲಿಲ್ಲ. 'ಹೈವೇಗೂ ಬೀಗ ಹಾಕ್ತಾರಾ?' ಅಂತ ಕೇಳಿದಳು. ಡ್ರೈವರ್ ನಗಲಿಲ್ಲ. 'ಮುಂಚೆ ಬೆಳಿಗ್ಗೆ ಹೊತ್ತು ಬಂದ್ರೆ ರಸ್ತೆ ಮೇಲೆ ಏನಾದ್ರೂ ಸತ್ತು ಬಿದ್ದಿರ್ತಿತ್ತು ಮೇಡಂ' ಅಂದ.

ಜಿಂಕೆಗಳನ್ನು ಎಣಿಸಲಿಲ್ಲ. ರಸ್ತೆಯ ಎರಡೂ ಬದಿಯಲ್ಲಿ ಪೊದೆ ಸವರಿ ಜಾಗ ಬಿಟ್ಟಿದ್ದಾರೆ, ಮಳೆ ಬಿದ್ದಮೇಲೆ ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಹಿಂಡು ಹಿಂಡಾಗಿ ಬರುತ್ತವೆ. ಮೊದಲ ಜಿಂಕೆಗೆ 12 ಮೊಬೈಲ್ ಹೊರಗೆ ಬಂದವು. ಐವತ್ತನೆಯದಕ್ಕೆ ಒಂದೂ ಇಲ್ಲ. ಒಂದು ಮರದ ಮೇಲೆ ಮುಸುವಗಳು ಕೂತು ಎಲೆ ತಿಂದು ಅರ್ಧಂಬರ್ಧ ಕೆಳಗೆ ಎಸೆಯುತ್ತಿದ್ದವು, ಕೆಳಗೆ ಜಿಂಕೆಗಳು ಕಾದು ನಿಂತು ಅದನ್ನೇ ತಿನ್ನುತ್ತಿದ್ದವು. ನನಗೆ ಅದನ್ನು ನೋಡುತ್ತಾ ಇರಬೇಕು ಅನ್ನಿಸಿತ್ತು, ಆದರೆ ಕಾಡಿನೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ. ಇವರಿಗೆಲ್ಲ ಹುಲಿಯೇ ಬೇಕು. ಟೀಚರ್ ಆಂಟಿ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು ಅಂತ ಪಾಠ ಮಾಡಿದಳು. ಹುಲಿ ಬರಲಿಲ್ಲ.

ಬಂದದ್ದು ಸೀಳುನಾಯಿ. ಒಂದು ತಿರುವು ದಾಟುತ್ತಿದ್ದಂತೆ ಡ್ರೈವರ್ ಬ್ರೇಕ್ ಒತ್ತಿದ, ಟೀಚರ್ ಆಂಟಿ 'ನರಿ, ನರಿ' ಅಂತ ಕೂಗಿದಳು, ನೋಡಿದರೆ ಕೆಂಪು ಮಣ್ಣಿನ ಬಣ್ಣದ ಆರು ನಾಯಿಗಳು, ಪೊರಕೆಯಂಥ ಕಪ್ಪು ಬಾಲ. ನಮ್ಮ ಕಡೆ ತಿರುಗಿಯೂ ನೋಡದೆ ರಸ್ತೆ ದಾಟಿದವು. ಕೊನೆಯದರ ಬಾಯಲ್ಲಿ ಜಿಂಕೆಯ ಹಿಂಗಾಲು. ಮಂಡಿಯಿಂದ ಮೇಲೆ ಏನೂ ಇಲ್ಲ, ಕೆಳಗೆ ಮಾತ್ರ ಗೊರಸು ಹಾಗೇ ಇತ್ತು, ಚಿಕ್ಕದು, ಪಾಲಿಶ್ ಹಾಕಿದಷ್ಟು ಕಪ್ಪಗೆ ಹೊಳೆಯುತ್ತಿತ್ತು. ಅವು ಊರ ನಾಯಿಗಳ ಹಾಗೆ ಬೊಗಳುವುದಿಲ್ಲವಂತೆ, ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವಂತೆ. ಪೊದೆಯೊಳಗಿಂದ ನಿಜಕ್ಕೂ ಒಂದು ಸಿಳ್ಳೆ ಕೇಳಿಸಿತು. ಅಥವಾ ಹಕ್ಕಿಯೋ ಏನೋ.

ಆಮೇಲೆ ಕೆಕ್ಕನಹಳ್ಳ ಚೆಕ್‌ಪೋಸ್ಟ್. ಅಲ್ಲಿಂದಾಚೆ ತಮಿಳುನಾಡು, ಮುದುಮಲೆ ಕಾಡು. ಗಾಡಿಯಲ್ಲಿ ಪ್ಲಾಸ್ಟಿಕ್ ಇದೆಯಾ ಅಂತ ನೋಡುತ್ತಿದ್ದರು, ಹೊತ್ತಾಯಿತು. ಒಂದು ಮಂಗ ಬಂದು ನನ್ನ ಕಿಟಕಿಯ ಕಂಬಿ ಹಿಡಿದು ಕೂತಿತು. ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ನೀನು ಎಷ್ಟು ಸಲ ಬೈದಿದ್ದೀಯ ನನಗೆ, ಗೊತ್ತು. ಕೈ ಸುಮ್ನೆ ಇರಲಿಲ್ಲ. ಎರಡು ಬಿಸ್ಕೆಟ್ ಕೊಟ್ಟೆ. ಮರಿಯ ಬೆರಳು ನನ್ನ ಬೆರಳಿಗೆ ತಾಗಿತು, ತಣ್ಣಗಿತ್ತು. ಗಾರ್ಡ್ ದೂರದಿಂದಲೇ ಕೂಗಿ ಬೈದರು, ತಮಿಳಿನಲ್ಲಿ ಏನು ಹೇಳಿದರೋ ಪೂರ್ತಿ ಗೊತ್ತಾಗಲಿಲ್ಲ, ಬೈದದ್ದು ಮಾತ್ರ ಗೊತ್ತಾಯಿತು. ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ತೆಪ್ಪಕಾಡಿನಲ್ಲಿ ಸಾಕಿದ ಆನೆಗಳ ಶಿಬಿರ ನೋಡಿ, ಮೋಯಾರ್ ಹೊಳೆ ನೋಡಿ, ಊಟ ಮುಗಿಸಿ ನಾಲ್ಕರ ಹೊತ್ತಿಗೆ ವಾಪಸ್ ಹೊರಟೆವು. ಆನೆ ಸಿಕ್ಕಿದ್ದು ಆಗಲೇ. ನಾಲ್ಕು ಹೆಣ್ಣಾನೆ, ಒಂದು ಮರಿ, ರಸ್ತೆಗೆ ತೀರಾ ಹತ್ತಿರ. ಮರಿ ತಾಯಿಯ ಹೊಟ್ಟೆಯ ಕೆಳಗೇ ಓಡಾಡುತ್ತಿತ್ತು. 22 ತಿಂಗಳು ಹೊತ್ತು ಹೆರುತ್ತದೆ ಅಂದರೆ ನೋಡು, ನಿನ್ನನ್ನು ಒಂಬತ್ತು ತಿಂಗಳು ಹೊತ್ತಿದ್ದಕ್ಕೇ ನಾನು ಇವತ್ತಿಗೂ ಲೆಕ್ಕ ಹೇಳುತ್ತೇನೆ! ತಾಯಿ ಹುಲ್ಲನ್ನು ಸೊಂಡಿಲಿನಿಂದ ಬುಡಸಮೇತ ಕಿತ್ತು, ಮುಂಗಾಲಿಗೆ ಪಟ್ ಪಟ್ ಅಂತ ಬಡಿದು, ಮಣ್ಣು ಉದುರಿದ ಮೇಲೆಯೇ ಬಾಯಿಗೆ ಹಾಕುತ್ತಿತ್ತು. ನಾನು ಕೊತ್ತಂಬರಿ ಕಟ್ಟು ಕೊಡವುವ ಹಾಗೇ.

ಮುಂದಿನ ಕಾರಿನ ಹುಡುಗರು ಅರ್ಧ ಮೈ ಹೊರಗೆ ಹಾಕಿ ಫೋಟೋ ತೆಗೆಯುತ್ತಾ ಹಾರ್ನ್ ಹೊಡೆದರು. ಅಲ್ಲಿಯವರೆಗೆ ಬೀಸುತ್ತಿದ್ದ ಕಿವಿ ನಿಂತುಬಿಟ್ಟಿತು. ಎರಡೂ ಕಿವಿ ಅಗಲಕ್ಕೆ ಬಿಚ್ಚಿ, ಸೊಂಡಿಲು ಒಳಗೆ ಸುತ್ತಿಕೊಂಡು, ಕಾರಿನ ಕಡೆಗೆ ನುಗ್ಗಿತು. ನಾಲ್ಕೇ ಹೆಜ್ಜೆ, ಆಮೇಲೆ ಧೂಳೆಬ್ಬಿಸಿ ನಿಂತಿತು. ನಮ್ಮ ಡ್ರೈವರ್ ಮೊದಲೇ ಎರಡು ಬಸ್ಸಿನಷ್ಟು ದೂರ ಬಿಟ್ಟಿದ್ದ, ಹಾರ್ನ್ ಇಲ್ಲ, ಲೈಟ್ ಇಲ್ಲ, ಮೆಲ್ಲಗೆ ಹಿಂದಕ್ಕೆ ತೆಗೆದ. ಸುಮಾರು ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆವು. ಬೆಳಿಗ್ಗೆಯಿಂದ ಬಾಯಿ ಮುಚ್ಚದ ಹನ್ನೆರಡು ಹೆಂಗಸರು ಉಸಿರು ಬಿಟ್ಟಿದ್ದು ಅವು ಸಾಲಾಗಿ ರಸ್ತೆ ದಾಟಿ ಹೋದಮೇಲೆ. ನಿನಗೆ ಫೋನಿನಲ್ಲಿ ಹೇಳಿದ್ದು ಇಷ್ಟು. ಆ ಹುಡುಗರಿಗೆ ನಾನು ಹಾಕಿದ ಶಾಪವನ್ನೂ ಸೇರಿಸಿ.

ಅದೇ ಮಾತಾಡುತ್ತಾ ಬರುತ್ತಿದ್ದೆವು. ಆ ಹುಡುಗರಿಗೆ ಬುದ್ಧಿ ಇಲ್ಲ, ಹೆತ್ತವರು ಹೇಳಿಕೊಟ್ಟಿಲ್ಲ ಅಂತೆಲ್ಲ ನಾನೇ ಜೋರಾಗಿ ಹೇಳುತ್ತಿದ್ದೆ. ಚೆಕ್‌ಪೋಸ್ಟ್ ಇನ್ನೂ ಸ್ವಲ್ಪ ದೂರ ಇತ್ತು. ರಸ್ತೆಯ ಅಂಚಿನಲ್ಲಿ ಒಂದು ಮಂಗ ಬಿದ್ದಿತ್ತು, ಯಾವುದೋ ಗಾಡಿ ಹೊಡೆದಿತ್ತು. ಪಕ್ಕದಲ್ಲಿ ಐದಾರು ಮಂಗಗಳು ಸುಮ್ಮನೆ ಕೂತಿದ್ದವು. ಗಾಡಿಗಳು ನಿಧಾನ ಮಾಡಿದಾಗ ಅದರಲ್ಲಿ ಎರಡು ಎದ್ದು ಬಂದು ಕಿಟಕಿಗಳನ್ನು ನೋಡಿ ಕೈ ಚಾಚಿದವು, ಪಕ್ಕದಲ್ಲಿ ಅದು ಹಾಗೆ ಬಿದ್ದಿರುವಾಗಲೇ.

ಬಿದ್ದಿದ್ದು ಮರಿಯಿದ್ದ ಮಂಗವಾ ಬೇರೆಯದಾ ಗೊತ್ತಾಗಲಿಲ್ಲ. ಮರಿ ಏನಾದರೂ ಕಂಡೀತಾ ಅಂತ ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದೆ. ಕಾಣಲಿಲ್ಲ. ಬ್ಯಾಂಕ್ ಆಂಟಿ ನನ್ನ ಬ್ಯಾಗಿಗೆ ಕೈ ಹಾಕಿ 'ಬಿಸ್ಕೆಟ್ ಉಳಿದಿದೆಯಾ?' ಅಂದಳು, ಅವಳಿಗೇ ತಿನ್ನೋಕೆ, ಪಾಪ. ಬ್ಯಾಗ್ ಕಿತ್ತುಕೊಂಡೆ. ಯಾಕೆ ಅಂತ ಅವಳಿಗೆ ಇನ್ನೂ ಹೇಳಿಲ್ಲ.

ಬೈಯುವುದಿದ್ದರೆ ಭಾನುವಾರ ಫೋನ್ ಮಾಡು. ಅಪ್ಪ ವಾಕಿಂಗ್ ಹೋದಮೇಲೆ.

ನಿನ್ನ
ಅಮ್ಮ