ವಕೀಲರ ನೋಟಿಸ್ ನ್ಯಾಯಾಲಯದ ಆದೇಶವಲ್ಲ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಮದುವೆಗೆಂದು ದಾವಣಗೆರೆಯ ಕಲ್ಯಾಣ ಮಂಟಪವೊಂದಕ್ಕೆ ಕಟ್ಟಿದ್ದ ಠೇವಣಿ ನಾಲ್ಕು ತಿಂಗಳಾದರೂ ಮರಳಿ ಬಾರದಿದ್ದಾಗ, ನಡೆದದ್ದನ್ನು ನಡೆದಂತೆಯೇ, ರಸೀದಿಯ ಚಿತ್ರದೊಂದಿಗೆ ಅಂತರ್ಜಾಲದಲ್ಲಿ ಬರೆದೆ. ಹಣದ ಬದಲು ಮನೆಗೆ ಬಂದದ್ದು ವಕೀಲರ ನೋಟಿಸ್. ಏಳು ದಿನಗಳೊಳಗೆ ಬರಹ ಅಳಿಸಿ ಕ್ಷಮೆ ಕೇಳದಿದ್ದರೆ ಮಾನನಷ್ಟ ಮೊಕದ್ದಮೆ ಹೂಡುವುದಾಗಿ ಅದರಲ್ಲಿತ್ತು. ಅದನ್ನು ಹಿಡಿದಿದ್ದ ನನ್ನ ಪತ್ನಿಯ ಕೈ ನಡುಗುತ್ತಿತ್ತು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಆ ರಾತ್ರಿಯೇ ಅಳಿಸಿಬಿಟ್ಟೆ.

ಸಂವಿಧಾನದ 19(1)(ಎ) ವಿಧಿ ನೀಡಿದ ವಾಕ್ ಸ್ವಾತಂತ್ರ್ಯಕ್ಕೆ 19(2)ನೇ ವಿಧಿ ಹಾಕಿರುವ ಮಿತಿಗಳಲ್ಲಿ ಮಾನಹಾನಿಯೂ ಸೇರಿದೆ. ಅದು ಸರಿಯೇ, ಸುಳ್ಳು ಆರೋಪ ಹೊರಿಸಿ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುವವರನ್ನು ಕಾನೂನು ತಡೆಯಲೇಬೇಕು. ಆದರೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವನ್ನು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನೇ ಮಾನಹಾನಿಯಿಂದ ಹೊರಗಿಟ್ಟಿದೆ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂತರ್ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ರದ್ದುಪಡಿಸಿದ್ದಷ್ಟೇ ಅಲ್ಲ, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ತಲುಪಿದಾಗಲೇ ಬರಹ ತೆಗೆಯುವ ಹೊಣೆ ಜಾಲತಾಣಗಳ ಮೇಲೆ ಬರುತ್ತದೆ ಎಂದೂ ಸ್ಪಷ್ಟಪಡಿಸಿತು. ಇದು ಅಂದು ನನಗೆ ತಿಳಿದಿದ್ದರೆ ಅಷ್ಟು ಅವಸರಪಡುತ್ತಿರಲಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ತನ್ನ ಕಾನೂನು ಅರಿವು ಶಿಬಿರಗಳಲ್ಲಿ ಈ ವಿಷಯವನ್ನೂ ಸೇರಿಸಬೇಕು. ಇಂಥ ನೋಟಿಸ್ ಕೈಗೆ ಬಂದವರು ಅಂಜಿ ಅಳಿಸುವ ಮುನ್ನ ಯಾರನ್ನು ಕಾಣಬೇಕು, ಹೇಗೆ ಉತ್ತರಿಸಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ದಾವಣಗೆರೆ