777 ಹೊಡೆದರೆ ದಣಪೆ ತೆಗೆದಿಟ್ಟಂತೆ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಗೆ ತೂಕದ ಲೆಕ್ಕದ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟವನು ನಾನು. ಲಿನಕ್ಸ್ ಕಂಪ್ಯೂಟರ್, ಸಿ ಭಾಷೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಬಗೆಗೊಂದರಂತೆ ನಾಲ್ಕು ಕಲಂ, ಅಷ್ಟೆ. ಗುಮಾಸ್ತರು ಲೆಕ್ಕದ ಫೈಲಿಗೆ ನೇರ ಕೈ ಹಾಕದಿರಲಿ, ಪ್ರೋಗ್ರಾಂ ಮೂಲಕವೇ ಬರೆಯಲಿ ಅಂತ ಫೈಲನ್ನು ಬೇರೆ ಗ್ರೂಪಿಗೆ ಸೇರಿಸಿ, ಪ್ರೋಗ್ರಾಂಗೆ ಸೆಟ್‌ಜಿಐಡಿ (ಯಾರೇ ಓಡಿಸಿದರೂ ಪ್ರೋಗ್ರಾಂಗೆ ಆ ಗ್ರೂಪಿನ ಅಧಿಕಾರ ಸಿಗುವಂತೆ ಮಾಡುವ ಗುರುತು) ಹಾಕಿದ್ದೆ. ಮೊದಲ ದಿನವೇ ‘ಪರ್ಮಿಷನ್ ಇಲ್ಲ’ ಎಂದು ಮೊಂಡು ಹಿಡಿಯಿತು.

ತಪ್ಪು ನನ್ನದೇ. ಫೈಲ್ ತೆರೆಯುವ ಮುಂಚೆ ಅನುಮತಿ ಇದೆಯೇ ಎಂದು ಲಿನಕ್ಸನ್ನು ಕೇಳುವ ‘ಆಕ್ಸೆಸ್’ ಕರೆಯಿಂದ ಬರೆಯಬಹುದೇ ಅಂತ ಕೇಳಿಸಿದ್ದೆ. ಆಕ್ಸೆಸ್ ನೋಡುವುದು ಪ್ರೋಗ್ರಾಂ ಓಡಿಸಿದವನ ಅಸಲಿ ಗುರುತನ್ನು. ಫೈಲ್ ತೆರೆಯುವ ‘ಓಪನ್’ ಕರೆ ನೋಡುವುದು ಪ್ರೋಗ್ರಾಂಗೆ ಆ ಹೊತ್ತಿಗಿರುವ ಅಧಿಕಾರವನ್ನು. ಓಪನ್ ಒಳಗೆ ಬಿಡುತ್ತಿದ್ದ ಜಾಗದಲ್ಲಿ ಆಕ್ಸೆಸ್ ಬಾಗಿಲಲ್ಲೇ ತಡೆದಿತ್ತು.

ನಾನು ಊರಲ್ಲಿರಲಿಲ್ಲ. ರಿಪೇರಿಗೆ ಬಂದ ಹುಡುಗ ಫೈಲಿಗೆ, ಅನುಮತಿ ಬದಲಿಸುವ ಸಿಎಚ್‌ಮಾಡ್ ಆಜ್ಞೆಯಿಂದ 777 ಹೊಡೆದು ‘ಸರಿಯಾಯ್ತು’ ಅಂದು ಹೋದ. ಓದಲು 4, ಬರೆಯಲು 2, ಓಡಿಸಲು 1, ಕೂಡಿದರೆ 7. ಒಡೆಯ, ಗ್ರೂಪು, ಉಳಿದವರು ಮೂವರಿಗೂ ಏಳೇಳು. ತೋಟದ ದಾರಿಗೆ ಅಡ್ಡ ಹಾಕಿದ ದಣಪೆಯ ಗಳ ಅಷ್ಟೂ ಎಳೆದಿಟ್ಟರೆ ದನ ಸುಮ್ಮನಿರುತ್ತದೆಯೇ? ವಾರದೊಳಗೆ ಯಾರೋ ಫೈಲ್ ತೆರೆದು ರಾಶಿ ಲೆಕ್ಕವನ್ನೇ ಅಳಿಸಿದ್ದರು. ತೂಕದ ಚೀಟಿ ಹರವಿಕೊಂಡು ಮೂರು ರಾತ್ರಿ ಮತ್ತೆ ತುಂಬಿದೆ, ಹೋಗಿಬರುವ ಕರೆಂಟಿನಲ್ಲಿ.

ಈಗ ಪ್ರಾಜೆಕ್ಟ್ ತೋರಿಸಲು ಬರುವ ಕಾಲೇಜು ಮಕ್ಕಳೂ ‘ಮೊದಲು ಆಕ್ಸೆಸ್, ಆಮೇಲೆ ಓಪನ್’ ಅಂತಲೇ ಬರೆದು ತರುತ್ತಾರೆ. ಕೇಳುವುದಕ್ಕೂ ತೆರೆಯುವುದಕ್ಕೂ ನಡುವೆ ಒಂದು ಚೂರು ಹೊತ್ತಿದೆ. ಅಷ್ಟರಲ್ಲಿ ಆ ಹೆಸರಿನ ಜಾಗಕ್ಕೆ ಯಾರಾದರೂ ಬೇರೆ ಫೈಲಿನ ಲಿಂಕ್ ಕೂರಿಸಬಹುದು; ಆಗ ಕೇಳಿದ್ದು ಒಂದು ಫೈಲು, ತೆರೆದದ್ದು ಇನ್ನೊಂದು. ಆಕ್ಸೆಸ್‌ನ ಕೈಪಿಡಿ ಪುಟವೇ ಇದನ್ನು ಎಚ್ಚರಿಸುತ್ತದೆ, ಓದುವವರು ಯಾರು! ನೇರವಾಗಿ ತೆರೆಯಿರಿ. ಓಪನ್‌ನಿಂದ -1 ಬಂದರೆ ತೆರೆಯಲಾಗಲಿಲ್ಲ ಅಂತ; ಕಾರಣ ಹೇಳುವ ಎರ್‌ನೋ ನೋಡಿ: ಇಎಸಿಸಿಇಎಸ್ ಆದರೆ ಅನುಮತಿಯಿಲ್ಲ, ಇಎನ್‌ಒಇಎನ್‌ಟಿ ಆದರೆ ಫೈಲೇ ಇಲ್ಲ. ಫೈಲಿನ ಹೆಸರು ಸಮೇತ ಬಳಸುವವರಿಗೆ ತಿಳಿಸಿ. ಪೈಥಾನ್‌ನಲ್ಲಾದರೆ ಟ್ರೈ ಹಾಕಿ ಪರ್ಮಿಷನ್‌ಎರರ್ ಹಿಡಿದರಾಯಿತು.

ಲ್ಯಾಬಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ರೂಟ್ ಆಗಿ, ಅಂದರೆ ಯಂತ್ರದ ಸರ್ವಾಧಿಕಾರದ ಖಾತೆಯಲ್ಲಿ ಕೂತು ಪರೀಕ್ಷೆ ಮಾಡಿಸಬೇಡಿ, ರೂಟ್‌ಗೆ ಓದು ಬರಹದ ತಡೆಯೇ ಇರುವುದಿಲ್ಲ. ಸಾಮಾನ್ಯ ಖಾತೆಯೊಂದರಲ್ಲಿ ಯಾರಿಗೂ ಅನುಮತಿಯಿಲ್ಲದಂತೆ 000 ಹಾಕಿದ ಫೈಲ್ ಕೊಟ್ಟು, ಹುಡುಗರ ಪ್ರೋಗ್ರಾಂ ಏನನ್ನುತ್ತದೆ ನೋಡಿ.

– ಒಬ್ಬ ಹಳೆಯ ಪ್ರೋಗ್ರಾಮರ್, ತೀರ್ಥಹಳ್ಳಿ